ಬೆಲ್ಲಾ ಎಲ್ಲಿಗೆ ಹೋದಳು?

ಮಕ್ಕಳಿಗೆ ಗೊಂಬೆ ಕೊಟ್ಟರೆ ಸಾಲದು. ಅದಕ್ಕೊಂದು ಹೆಸರು, ತವರು, ಕಥೆ ಬೇಕು. 2000ರಲ್ಲಿ ಬಂದ ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟವೂ ಇದನ್ನು ಬಲ್ಲದು. ಆಡುವವರು ತಮ್ಮದೇ ಸಂಸಾರ ಕಟ್ಟಬಹುದು. ಆದರೂ ಗಾಥ್ ಕುಟುಂಬವೊಂದು ಅದರಲ್ಲಿ ಸಿದ್ಧವಾಗಿಯೇ ಇದೆ. ಗಂಡ ಮಾರ್ಟಿಮರ್, ಹೆಂಡತಿ ಬೆಲ್ಲಾ, ಮಗಳು ಕಸಾಂಡ್ರ. 2004ರ ಎರಡನೆಯ ಆಟದಲ್ಲಿ ಮಾರ್ಟಿಮರ್ ಮುದುಕನಾಗಿದ್ದಾನೆ, ಮಗ ಅಲೆಕ್ಸಾಂಡರ್ ಬೆಳೆಯುತ್ತಿದ್ದಾನೆ. ಬೆಲ್ಲಾ ಮಾತ್ರ ಮನೆಯಲ್ಲಿಲ್ಲ. ಅದೇ ಹೆಸರಿನ ಹೆಂಗಸೊಬ್ಬಳು ಸ್ಟ್ರೇಂಜ್‌ಟೌನ್ ಎಂಬ ಬೇರೆ ಊರಿನಲ್ಲಿದ್ದಾಳೆ. ನಡುವೆ ನಡೆದದ್ದನ್ನು ಆಟ ಬಿಡಿಸಿ ಹೇಳುವುದಿಲ್ಲ.

ಆಡುವವರು ಸುಮ್ಮನಿದ್ದಾರೆಯೇ? ಅನ್ಯಗ್ರಹದವರು ಒಯ್ದರೆಂದರು ಕೆಲವರು. ಡಾನ್ ಲೊಥಾರಿಯೊ ಎಂಬ ರಸಿಕನ ಕಡೆ ಬೆರಳು ತೋರಿದರು ಕೆಲವರು. ಇದರಿಂದ ಬೆಲ್ಲಾಳಿಗೆ ನೋವಿಲ್ಲ.

ನಮ್ಮ ಬೀದಿಯಲ್ಲೂ ಮನೆಬಿಟ್ಟ ಹೆಂಗಸಿನ ಹಿಂದೆ ಇಷ್ಟೇ ಕಥೆಗಳು ಹುಟ್ಟುತ್ತವೆ. ಅವುಗಳಲ್ಲಿ ಒಬ್ಬ ಗಂಡಸು ಇದ್ದೇ ಇರುತ್ತಾನೆ. ಅವಳ ದಣಿವು, ಅಂಜಿಕೆ, ನೌಕರಿಯ ಆಸೆ ಇರುವುದೇ ಇಲ್ಲ.

ಕಲ್ಪನೆ ತಪ್ಪೆಂದು ನಾನು ಹೇಳಲಾರೆ. ಅದಿಲ್ಲದೆ ಇನ್ನೊಬ್ಬರ ಸಂಕಟವೂ ತಿಳಿಯದು. ಆದರೆ ಗೊಂಬೆಗೆ ನಾವು ಹೇಳಿದ್ದೇ ಚರಿತ್ರೆ, ಹೆಣ್ಣಿಗೆ ತನ್ನದೇ ಒಂದಿದೆ. ಅದನ್ನು ಹೇಳುವ ಹಕ್ಕೂ ಹೇಳದಿರುವ ಹಕ್ಕೂ ಅವಳದು. ನಮಗೆ ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡುವುದೂ ಒಂದು ಮರ್ಯಾದೆಯೇ ಅಲ್ಲವೇ?