ವಿಚ್ಛೇದನ ಅರ್ಧಕ್ಕೆ ನಿಂತಿದೆ, ಮರುಮದುವೆಗೆ ಮುಹೂರ್ತ ಇಡಬಹುದೇ?

ಪ್ರಶ್ನೆ: ಮಗ, ಸೊಸೆ ಬೇರೆಯಾಗಿ ಮೂರು ವರ್ಷವಾಯಿತು. ಇಬ್ಬರೂ ಒಪ್ಪಿ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ ವರ್ಷ ದಾಟಿದೆ. ಎರಡನೇ ಸಲ ಹೇಳಿಕೆ ಕೊಡಲು ಹುಡುಗಿ ಬರುತ್ತಿಲ್ಲ. ಈಗ ಒಳ್ಳೆಯ ಸಂಬಂಧ ಕೂಡಿಬಂದಿದೆ. ಕುಂಭ ವಿವಾಹ ಮಾಡಿಸಿದರೆ ಹಳೆಯ ಬಂಧ ಕಳೆಯುತ್ತದೆ, ಮಾಘದಲ್ಲಿ ದೇವಸ್ಥಾನದಲ್ಲಿ ಮದುವೆ ಮುಗಿಸಿ, ಕೋರ್ಟಿನದು ಆಮೇಲಾಗಲಿ ಎಂದು ಒಬ್ಬರು ಜ್ಯೋತಿಷಿ ಹೇಳಿದ್ದಾರೆ. ಮನಸ್ಸೇ ಮುರಿದ ಮೇಲೆ ದೇವರ ದೃಷ್ಟಿಯಲ್ಲಿ ಮದುವೆ ಉಳಿದಿರುತ್ತದೆಯೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಉಳಿದಿರುತ್ತದೆ ತಾಯಿ. ಮನಸ್ಸು ಮುರಿದದ್ದು ನಿಜವೇ ಇರಬಹುದು. ಆದರೆ ಅಗ್ನಿಸಾಕ್ಷಿಯಾಗಿ ಕೊಟ್ಟ ಮಾತು ಮನಸ್ಸಿನ ಜೊತೆಗೇ ಹೋಗಿಬಿಡುವುದಿಲ್ಲ.

ಮೊದಲು ಕುಂಭ ವಿವಾಹದ ವಿಷಯ. ಅದು ಕನ್ಯೆಯ ಜಾತಕದಲ್ಲಿ ವೈಧವ್ಯ ಯೋಗ ಕಂಡಾಗ ಮದುವೆಗೆ ಮುಂಚೆ ಮಾಡುವ ಶಾಂತಿ. ಅರ್ಕ ವಿವಾಹ ಹೇಳಿರುವುದು ಗಂಡಸಿನ ಮೂರನೇ ಮದುವೆಗೆ. ಎರಡಕ್ಕೂ ನಿಮ್ಮ ಸಮಸ್ಯೆಗೂ ಸಂಬಂಧವಿಲ್ಲ. ಸಪ್ತಪದಿಯನ್ನು ಹಿಂದಕ್ಕೆ ನಡೆಸುವ ವಿಧಿ ಗೃಹ್ಯಸೂತ್ರಗಳಲ್ಲಿ ಇಲ್ಲ. ಪರಸ್ಪರ ದ್ವೇಷವಿದ್ದರೆ ಬಿಡುಗಡೆ ಉಂಟು ಎಂದ ಕೌಟಿಲ್ಯನೇ, ಧರ್ಮವಿವಾಹಗಳಿಗೆ ಮಾತ್ರ ಅದಿಲ್ಲ ಎಂದುಬಿಟ್ಟ. ಕೆಲವು ಸಮುದಾಯಗಳಲ್ಲಿ ಹಿರಿಯರ ಮುಂದೆ ಬಿಡುಗಡೆಯಾಗುವ ರೂಢಿ ಹಿಂದಿನಿಂದ ಇದೆ, ಅದು ಬೇರೆ ಮಾತು. ಉಳಿದವರಿಗೆ ದಾರಿ ಕೊಟ್ಟದ್ದು 1955ರ ಹಿಂದೂ ವಿವಾಹ ಕಾಯಿದೆ. ಆ ದಾರಿ ಹಿಡಿದ ಮೇಲೆ ಅದರ ಕೊನೆತನಕ ಹೋಗಲೇಬೇಕು, ನಡುವೆ ಪುರೋಹಿತನ ಕೈ ಹಿಡಿದು ಪಕ್ಕಕ್ಕೆ ಹಾರುವಂತಿಲ್ಲ.

ಈಗ ಬರುವ ಹುಡುಗಿಯನ್ನು ಯೋಚಿಸಿ. ಅವಳಪ್ಪ ಧಾರೆ ಎರೆಯುತ್ತಾನೆ, ಅವಳೂ ಏಳು ಹೆಜ್ಜೆ ಇಡುತ್ತಾಳೆ. ಮೊದಲ ಹೆಂಡತಿ ಇರುವಾಗ ಆದ ಆ ಮದುವೆ ಕಾಯಿದೆಯ ಪ್ರಕಾರ ಅಸಿಂಧು. ಹುಟ್ಟುವ ಮಕ್ಕಳನ್ನು ಕಾನೂನು ಔರಸರೆಂದು ಒಪ್ಪುತ್ತದೆ, ಆದರೆ ಅವಳಿಗೆ ಹೆಂಡತಿಯ ಸ್ಥಾನ ಸಿಗುವುದಿಲ್ಲ. ನಿಮ್ಮ ಮಗನಿಗೆ 7 ವರ್ಷದವರೆಗೆ ಜೈಲಾಗಬಹುದು, ಅದಿರಲಿ. ಏನೂ ತಪ್ಪು ಮಾಡದ ಹೆಣ್ಣುಮಗಳನ್ನು ಅಂಥ ಮಣೆಯ ಮೇಲೆ ಕೂರಿಸುವುದಕ್ಕೆ ಯಾವ ಪ್ರಾಯಶ್ಚಿತ್ತವೂ ನನಗೆ ತಿಳಿದಿಲ್ಲ. ಆ ಮನೆಯವರಿಗೆ ವಿಷಯ ತಿಳಿಸಿದ್ದೇವೆ ಎಂದು ನೀವು ಬರೆದಿಲ್ಲ. ಇವತ್ತೇ ತಿಳಿಸಿ.

ಇನ್ನು ಮೊದಲ ಸೊಸೆ. "ಬರುತ್ತಿಲ್ಲ" ಎಂದಿರಿ, ಯಾಕೆ ಎಂದು ಬರೆದಿಲ್ಲ. ಡಿಕ್ರಿ ಆಗುವವರೆಗೆ ಒಪ್ಪಿಗೆ ಹಿಂದೆಗೆದುಕೊಳ್ಳುವ ಹಕ್ಕು ಅವಳಿಗಿದೆ, ಅದನ್ನು ಹಟ ಅನ್ನಬೇಡಿ. ಒಪ್ಪಿದ ಹಣ ಕೊಟ್ಟಾಯಿತೇ? ತವರಿನಿಂದ ತಂದ ಒಡವೆ, ಬೆಳ್ಳಿ ಪಾತ್ರೆ, ಪಟ್ಟೆಸೀರೆ ಇನ್ನೂ ನಿಮ್ಮ ಬೀರುವಿನಲ್ಲೇ ಇವೆಯೇ? ಸ್ತ್ರೀಧನ ಅವಳದು, ಇದರಲ್ಲಿ ಧರ್ಮಶಾಸ್ತ್ರವೂ ಕೋರ್ಟೂ ಒಂದೇ ಮಾತು. ನಾನು ಕಂಡ ಎಷ್ಟೋ ಮನೆಗಳಲ್ಲಿ ಗ್ರಹಗಳನ್ನು ದೂರುತ್ತಿದ್ದರು, ಗಂಟು ಒಡವೆ ಡಬ್ಬಿಯಲ್ಲಿತ್ತು. ಇಬ್ಬರೂ ಗೌರವಿಸುವ ಹಿರಿಯರೊಬ್ಬರನ್ನು ಕಳಿಸಿ, ಪಟ್ಟಿ ಹಿಡಿದು ಹಿಂತಿರುಗಿಸಿ, ರಸೀದಿ ಬರೆಸಿಕೊಳ್ಳಿ. ಈ ಅರ್ಧ ಕೆಲಸದಿಂದ ನಿಮ್ಮ ಮಗ ಕಟ್ಟುಬಿದ್ದಿರುವ ಹಾಗೆ ಅವಳೂ ಕಟ್ಟುಬಿದ್ದಿದ್ದಾಳೆ ಅಲ್ಲವೇ? ಅವಳಿಗೂ ಮುಂದೆ ಬದುಕಿದೆ.

ತಡ ಮಾಡಬೇಡಿ. ಎರಡನೇ ಹೇಳಿಕೆಗೆ ಕಾಯಿದೆ ಹೇಳುವ ಅವಧಿ ಅರ್ಜಿ ಕೊಟ್ಟ 6 ತಿಂಗಳ ನಂತರ, 18 ತಿಂಗಳ ಒಳಗೆ. ನಿಮಗೆ ಉಳಿದಿರುವುದು ಕೆಲವೇ ತಿಂಗಳು. ಅವಳು ಒಪ್ಪದೇ ಹೋದರೆ ಬೇರೆ ಕಾರಣದ ಮೇಲೆ ಹೊಸ ಅರ್ಜಿ ಹಾಕಬಹುದೋ ಎಂದು ವಕೀಲರನ್ನು ಕೇಳಿ. ಹಾಗೆ ಹೋರಾಡಿ ಪಡೆದ ಡಿಕ್ರಿಯಾದರೆ, ಅಪೀಲಿನ ಗಡುವು ಮುಗಿಯುವವರೆಗೂ ಮದುವೆ ಮಾತು ಬೇಡ.

ಡಿಕ್ರಿಯ ದೃಢೀಕೃತ ಪ್ರತಿ ಕೈಗೆ ಬಂದ ಮೇಲೆ ಎರಡೂ ಜಾತಕ ಕಳಿಸಿ, ತಾರಾಬಲ ಚಂದ್ರಬಲ ನೋಡಿ ದಿನ ಬರೆದು ಕೊಡುತ್ತೇನೆ. ಮಾಘ ತಪ್ಪಿದರೆ ಫಾಲ್ಗುಣ ಇದೆ, ವೈಶಾಖ ಇದೆ.