ಹುಲ್ಲುಹಾಸೂ ಅನರ್ಥದಂಡವ್ರತವೂ

ಯಲಹಂಕ ಉಪನಗರದಲ್ಲಿರುವ ನಮ್ಮ ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಒಂದು ಹುಲ್ಲುಹಾಸಿತ್ತು. ಈ ಬೇಸಿಗೆಯಲ್ಲಿ ಮಗನು ಅದಕ್ಕಾಗಿ ಬ್ಯಾಟರಿಯಿಂದ ನಡೆಯುವ, ತಂತಿಯ ಹಂಗಿಲ್ಲದ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕೊಳ್ಳೋಣವೆಂದು ನಾಲ್ಕಾರು ಮಾದರಿಗಳ ವಿವರಪತ್ರಗಳನ್ನು ತಂದು ಮುಂದಿಟ್ಟನು. ಅಷ್ಟಮಿ ಚತುರ್ದಶಿಗಳ ಏಕಾಶನವನ್ನು ಈ ವಯಸ್ಸಿನಲ್ಲಿಯೂ ಬಿಡದ ನನ್ನ ತಾಯಿಯವರು ಎಲ್ಲವನ್ನೂ ಕೇಳಿಸಿಕೊಂಡು, "ಇದು ಮನೆಗೆ ಬಂದ ಮೇಲೆ ಹುಲ್ಲು ಕುಯ್ಯುವುದು ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ, ಅದನ್ನು ಮೊದಲು ಹೇಳಪ್ಪ" ಎಂದರು. ಮೊಮ್ಮಗನಿಗೆ ಉತ್ತರ ತೋಚಲಿಲ್ಲ. ನನಗೂ ತೋಚಲಿಲ್ಲ. ಆ ಪ್ರಶ್ನೆಯನ್ನು ಹಿಂಬಾಲಿಸಿ ಹೋದಾಗ ಕಂಡದ್ದನ್ನು ಶ್ರಾವಕ ಶ್ರಾವಿಕೆಯರ ಮುಂದೆ ಇಡುತ್ತಿದ್ದೇನೆ.

ಹುಲ್ಲು ಕುಯ್ಯುವುದೂ ಒಂದು ಧರ್ಮಸಂಕಟವೇ ಎಂದು ನಗುವವರುಂಟು. ಗೃಹಸ್ಥನು ಸ್ಥಾವರಹಿಂಸೆಯಿಂದ ಪೂರ್ಣವಾಗಿ ಬಿಡಿಸಿಕೊಳ್ಳಲಾರನೆಂಬುದು ನಿಜ. ಅಣುವ್ರತಿಯು ತ್ಯಜಿಸುವುದು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು. ಆದರೆ ಮಾತು ಅಲ್ಲಿಗೇ ಮುಗಿಯುವುದಾಗಿದ್ದರೆ ಆಚಾರ್ಯರು ಗುಣವ್ರತಗಳನ್ನು ಹೇಳಬೇಕಾಗಿರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ವಿಂಗಡಿಸಿದ್ದಾರೆ. ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳ ಆರಂಭ ಮಾಡುವುದನ್ನೂ ವನಸ್ಪತಿಯನ್ನು ಛೇದಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಪೈರು ಕೊಯ್ಯುವ ರೈತನಿಗೆ ಅನ್ನವೆಂಬ ಪ್ರಯೋಜನವಿದೆ. ಜಮಖಾನದಂತೆ ಸಮನಾಗಿ ಕಾಣಲೆಂದು ವಾರವಾರವೂ ಹುಲ್ಲನ್ನು ಸವರುವವನಿಗೆ ಯಾವ ಪ್ರಯೋಜನವಿದೆ?

ನಮಗೆ ಪ್ರಯೋಜನವೊಂದಿತ್ತು. ಪಕ್ಕದ ಖಾಲಿ ನಿವೇಶನದಿಂದ ಎರಡು ಸಲ ಹಾವು ಬಂದಿತ್ತು. ಅಂಗಳದಲ್ಲಿ ಮೊಮ್ಮಗಳು ಆಡುತ್ತಾಳೆ. ಆದರೆ ಹಾವು ಕಣ್ಣಿಗೆ ಬೀಳಬೇಕಾದರೆ ಹುಲ್ಲು ಗಿಡ್ಡವಾಗಿದ್ದರೆ ಸಾಕು, ನೆಲಕ್ಕೆ ಅಂಟಿಕೊಂಡಿರಬೇಕಾಗಿಲ್ಲ. ಪ್ರಯೋಜನದ ಅಳತೆಯನ್ನು ಮೀರಿದ ಕತ್ತರಿಕೆಗೆ ಮಗುವಿನ ಹೆಸರನ್ನು ಮುಂದೆ ಮಾಡುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ಚಾತುರ್ಮಾಸ ತೊಡಗಿದಾಗ, ಆಷಾಢದಿಂದ ದೀಪಾವಳಿಯವರೆಗೆ ಹುಲ್ಲಿಗೆ ಕತ್ತಿ ತಾಗಿಸುವುದಿಲ್ಲವೆಂದು ನಿಯಮ ಮಾಡಿಕೊಂಡೆ. ಜೀವೋತ್ಪತ್ತಿ ಹೆಚ್ಚಿರುವ ಕಾಲದಲ್ಲಿ ಮುನಿಗಳೇ ವಿಹಾರವನ್ನು ನಿಲ್ಲಿಸುತ್ತಾರೆ. ನಾನು ಇಷ್ಟನ್ನಾದರೂ ಮಾಡಬೇಡವೇ ಎಂಬುದು ನನ್ನ ಭಾವನೆ. ನಿಯಮವನ್ನು ಭಂಗವಿಲ್ಲದೆ ನಡೆಸಿದೆ. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತೆನ್ನಿ. ಬೆಂಗಳೂರಿನಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿಯೂ ಅದು ಬಿಡುವುದಿಲ್ಲ. ದೀಪಾವಳಿಯ ಹೊತ್ತಿಗೆ ಹುಲ್ಲು ಮೊಳಕಾಲೆತ್ತರ ಬೆಳೆದು, ದ್ವೀಂದ್ರಿಯವಾದ ಎರೆಹುಳುವಿನಿಂದ ಪಂಚೇಂದ್ರಿಯವಾದ ಕಪ್ಪೆಯವರೆಗೆ ಅಲ್ಲೊಂದು ಊರೇ ನೆಲೆಗೊಂಡಿತ್ತು. ನಿಯಮ ಮುಗಿದ ಮೂರನೆಯ ದಿನ ಮಾಲಿಯೊಬ್ಬನನ್ನು ಕರೆಸಿದೆ. ಅವನು ಪೆಟ್ರೋಲ್ ಯಂತ್ರವನ್ನು ತಂದು ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದನು. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದುದರಿಂದ, ಓಡಿದ ಜೀವಿಗಳೆಲ್ಲ ಕೊನೆಗೆ ನಡುವಿನ ಒಂದು ತುಂಡು ಹುಲ್ಲಿನಲ್ಲಿಯೇ ಸೇರಿಕೊಂಡಿದ್ದವು. ಸತ್ತ ಕಪ್ಪೆಗಳು ಮೂರು. ಕಾಲು ಕಡಿದುಹೋದ ನಾಲ್ಕನೆಯದು ಸಂಜೆಯವರೆಗೆ ನಲ್ಲಿಯ ಬಳಿ ಕುಳಿತಿತ್ತು.

ಯಂತ್ರ ಹಿಡಿದವನು ಮಾಲಿ. ನಾನು ಜಗುಲಿಯ ಮೇಲೆ ನಿಂತಿದ್ದೆ. ಕೃತ, ಕಾರಿತ, ಅನುಮೋದನೆಗಳ ಲೆಕ್ಕದಲ್ಲಿ ಜಗುಲಿಗೆ ವಿನಾಯಿತಿಯಿಲ್ಲವೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ನಾಲ್ಕು ತಿಂಗಳು ಏಕೇಂದ್ರಿಯವನ್ನು ರಕ್ಷಿಸಲು ಹೋಗಿ, ತ್ರಸಜೀವಿಗಳನ್ನು ಕೂಡಿಹಾಕಿ ಒಂದೇ ದಿನ ಕೊಲ್ಲಿಸಿದ್ದೆ. ನಿಯಮ ಮಾಡುವಾಗ ಅದು ಮುಗಿದ ಮರುದಿನದ ಯೋಚನೆಯನ್ನೇ ಮಾಡಿರಲಿಲ್ಲ. ಪ್ರಮಾದವೆಂದರೆ ಅದೇ ಅಲ್ಲವೇ?

ಇನ್ನು ಯಂತ್ರದ ವಿಷಯ. ಮೊದಲ ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡಿಂಗ್ ಎಂಬವನು ರೂಪಿಸಿದನು. ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುವ ಗಿರಣಿಯ ಯಂತ್ರವನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಹುಲ್ಲನ್ನು ಬಟ್ಟೆಯಂತೆ ಕಾಣುವ ದೃಷ್ಟಿ ಮೊದಲಿನಿಂದಲೂ ಈ ಯಂತ್ರದ ಜೊತೆಗಿದೆ. ಆ ಮಾದರಿಯ, ಕೈಯಿಂದ ತಳ್ಳುವ ಉರುಳೆ ಯಂತ್ರ ಇಂದಿಗೂ ದೊರೆಯುತ್ತದೆ. ಅದರಲ್ಲಿ ಬೆಂಕಿಯಿಲ್ಲ, ವಿದ್ಯುತ್ತಿಲ್ಲ. ಕತ್ತರಿಯಂತೆ ಅಲಗಿಗೆ ಅಲಗು ತಾಗಿ ಹುಲ್ಲು ತುಂಡಾಗುತ್ತದೆ. ಆದರೆ ಮಳೆಗಾಲದ ದಪ್ಪ ಕಡ್ಡಿಗಳಿಗೆ ಅದು ಸಿಕ್ಕಿಕೊಂಡು ನಿಲ್ಲುತ್ತದೆ, ಇಲ್ಲವೇ ಅವುಗಳನ್ನು ಮಣಿಸಿ ಮೇಲೆ ಹಾದುಹೋಗುತ್ತದೆ.

ಬ್ಯಾಟರಿಯ ಯಂತ್ರದಲ್ಲಿ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ಅಡ್ಡವಾಗಿ ತಿರುಗುತ್ತದೆ. ಅದರ ಗಾಳಿ ಹುಲ್ಲನ್ನು ಮೇಲಕ್ಕೆಳೆಯುತ್ತದೆ, ಹುಲ್ಲಿನಲ್ಲಿದ್ದುದನ್ನೂ ಎಳೆಯುತ್ತದೆ. ಪೆಟ್ರೋಲಿನ ಹೊಗೆ, ಜ್ವಾಲೆಗಳು ಇದರಲ್ಲಿಲ್ಲ. ವಿದ್ಯುತ್ತು ಅಗ್ನಿಕಾಯಕ್ಕೆ ಸೇರಿದ್ದೇ ಎಂಬ ಚರ್ಚೆ ಜೈನ ಸಮಾಜದಲ್ಲಿ ನಡೆದೇ ಇದೆ. ಅದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಪ್ರಮಾಣವನ್ನಷ್ಟೇ ಹೇಳುವುದಾದರೆ, 36 ವೋಲ್ಟಿನ, 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು 144 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಏಳನೆಯ ಒಂದು ಭಾಗ. ಸದ್ದು ಕಡಿಮೆ. ಅದು ನೆರೆಯವರಿಗೆ ಹಿತವೇ. ಸದ್ದು ಕೇಳಿ ಓಡಬೇಕಾದ ಓತಿಕೇತಕ್ಕೆ ಹಿತವೋ?

ತಾಯಿಯವರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕುಡುಗೋಲು ಹಿಡಿದ ಕಾಲದಲ್ಲಿ ಸೊಂಟದ ನೋವೇ ಒಂದು ಮಿತಿಯಾಗಿತ್ತು. ಮಾಲಿಯನ್ನು ಕರೆಸುವಾಗ ಅವನ ಕೂಲಿ ಮಿತಿಯಾಗಿತ್ತು. ಗುಂಡಿ ಒತ್ತಿದೊಡನೆ ತಿರುಗುವ, ಹತ್ತು ನಿಮಿಷದಲ್ಲಿ ಮುಗಿಯುವ ಯಂತ್ರ ಮನೆಯೊಳಗಿದ್ದರೆ ಎರಡನೆಯ ಭಾನುವಾರಕ್ಕೆ ಹುಲ್ಲು ತಾನಾಗಿಯೇ 'ಬೆಳೆದಂತೆ' ಕಾಣತೊಡಗುತ್ತದೆ. ಶರೀರವು ಹಾಕುತ್ತಿದ್ದ ಮಿತಿಯನ್ನು ಯಂತ್ರ ತೆಗೆದುಹಾಕಿದಾಗ ಅದನ್ನು ನಿಯಮವೇ ಹಾಕಬೇಕಾಗುತ್ತದೆ. ಪ್ರಯೋಜನವನ್ನು ವಿಚಾರಿಸದೆ ಅಧಿಕವಾಗಿ ಕಾರ್ಯವೆಸಗುವ 'ಅಸಮೀಕ್ಷ್ಯಾಧಿಕರಣ'ವನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ. ಮಗನು ಮೆಚ್ಚಿದ್ದ ದೊಡ್ಡ ಮಾದರಿಯ ಅಗಲ 46 ಸೆಂಟಿಮೀಟರು. ಮುನ್ನೂರು ಚದರಡಿಗೆ ಅದೇಕೆ?

ಆದಕಾರಣ ಯಂತ್ರಕ್ಕಿಂತ ಮೊದಲು ಹುಲ್ಲುಹಾಸಿಗೇ ಪರಿಮಾಣ ಹಾಕಿದೆವು. ಗೋಡೆಯ ಕಡೆಯ ಅರ್ಧಭಾಗವನ್ನು ದಾಸವಾಳ, ನಂದಿಬಟ್ಟಲುಗಳಿಗೆ ಬಿಟ್ಟೆವು. ಗಿಡ ನೆಡಲು ಒಂದು ಸಲ ಅಗೆದ ದೋಷವಿದೆ, ಅಲ್ಲಗಳೆಯುವುದಿಲ್ಲ. ಉಳಿದುದಕ್ಕೆ ಉರುಳೆ ಯಂತ್ರವನ್ನೇ ಕೊಳ್ಳಬೇಕೆಂದಿದ್ದೆ. ಒಬ್ಬ ಸ್ನೇಹಿತರ ಮನೆಯಲ್ಲಿ ಅದನ್ನು ತಳ್ಳಿ ನೋಡಿದಾಗ ನನ್ನ ಭುಜ ಒಪ್ಪಲಿಲ್ಲ. ಕೊನೆಗೆ ತಂದದ್ದು 33 ಸೆಂಟಿಮೀಟರ್ ಅಗಲದ, ಒಂದೇ ಬ್ಯಾಟರಿಯ ಚಿಕ್ಕ ಯಂತ್ರ. ಎರಡನೆಯ ಬ್ಯಾಟರಿಗೆ ರಿಯಾಯಿತಿಯಿತ್ತು, ಬೇಡವೆಂದೆವು. ನಾವು ಕೇಳಿ ಆರಿಸಿದ ಗುಣ ಒಂದೇ: ಅಲಗಿನ ಎತ್ತರವನ್ನು 7 ಸೆಂಟಿಮೀಟರಿನವರೆಗೆ ಏರಿಸಲು ಬರಬೇಕು. ಅಷ್ಟೆತ್ತರದಲ್ಲಿ ನೆಲ ಹಿಡಿದಿರುವ ಜೀವಿಗಳ ಮೇಲೆ ಅಲಗು ಹಾದುಹೋಗುತ್ತದೆ. ತುದಿಯಷ್ಟೇ ಹೋಗುವುದರಿಂದ ಹುಲ್ಲೂ ಸೊರಗುವುದಿಲ್ಲ.

ಈ ವರ್ಷದ ನಿಯಮವೂ ಬೇರೆ. ಮಳೆಗಾಲದಲ್ಲಿ ಪೂರ್ತಿ ಬಿಡುವುದಿಲ್ಲ. ಮೂರು ವಾರಕ್ಕೊಮ್ಮೆ, ಇಬ್ಬನಿ ಆರಿದ ಮೇಲೆ, ಬಿಸಿಲಿನಲ್ಲಿ. ಮೊದಲು ಉದ್ದನೆಯ ಕೋಲಿನಿಂದ ಹುಲ್ಲನ್ನು ಮೆಲ್ಲನೆ ಅಲುಗಿಸಿ ಸ್ವಲ್ಪ ಹೊತ್ತು ಕಾಯುವುದು. ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಬರುವುದು. ಓಡುವ ಜೀವಿಗೆ ಗಿಡಗಳ ನೆರಳು ಸಿಗಬೇಕು. ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣದ ಹತ್ತು ದಿನ ಯಂತ್ರವನ್ನು ಮುಟ್ಟುವುದಿಲ್ಲ. ಗಣೇಶ ಚೌತಿಗೆ ನೆರೆಯ ಮಕ್ಕಳು ನಮ್ಮಲ್ಲಿಯೇ ಗರಿಕೆ ಕೀಳಲು ಬರುವುದುಂಟು. ಅದಕ್ಕೆ ತಾಯಿಯವರು ಏನೂ ಹೇಳುವುದಿಲ್ಲ, ಬಾಗಿಲಲ್ಲಿ ನಿಂತು ನೋಡುತ್ತಾರೆ.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಯಂತ್ರ ಬಂದ ತಿಂಗಳೊಳಗೆ ಎದುರುಮನೆಯವರು ಅದನ್ನು ಒಂದು ಗಂಟೆಯ ಮಟ್ಟಿಗೆ ಕೇಳಿದರು. ಸಜ್ಜನರು, ನನ್ನ ಹೆಂಡತಿಯ ಕಾಯಿಲೆಯಲ್ಲಿ ನಡುರಾತ್ರಿ ತಮ್ಮ ಕಾರು ಹೊರಡಿಸಿಕೊಂಡು ಬಂದವರು. ಕೊಡಲಿ, ಗುದ್ದಲಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಅದನ್ನು ಅವರೆದುರು ಹೇಗೆ ಹೇಳಲಿ? ಮರುದಿನ ಚತುರ್ದಶಿಯಿತ್ತು. "ಎರಡು ದಿನ ತಾಳಿ, ನಾನೇ ಬಂದು ಮಾಡಿಕೊಡುತ್ತೇನೆ" ಎಂದೆ. ಹಾಗೆಯೇ ಹೋಗಿ, ಕೋಲಿನಿಂದ ಅಲುಗಿಸಿ, ನಡುವಿನಿಂದ ತೊಡಗಿ ಮಾಡಿಕೊಟ್ಟೆ. ದಾನದ ದೋಷ ತಪ್ಪಿತು. ಪರರ ಹುಲ್ಲನ್ನು ನನ್ನ ಕೈಯಿಂದಲೇ ಕಡಿದದ್ದು ಸೇರಿತು. ತಾಯಿಯವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಜಪಮಾಲೆಯನ್ನು ತಿರುಗಿಸುತ್ತಿದ್ದು, "ಅಲ್ಲಿ ಕಪ್ಪೆ ಇದ್ದವೇನು?" ಎಂದರು. ಎರಡು ಇದ್ದವು, ಗೋಡೆಯ ಕಡೆಗೆ ಹೋದವು ಎಂದೆ.