ಬ್ರೇಕಿನ ಅದುರಾಟವೂ ಪ್ರಾಮಾಣ್ಯದ ಪ್ರಶ್ನೆಯೂ

ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವ ಅನುಮಾನಕ್ಕೆ ನ್ಯಾಯದರ್ಶನದಲ್ಲಿ ‘ಶೇಷವತ್’ ಎಂಬ ಹೆಸರಿದ್ದು, ತುಂಬಿ ಹರಿಯುವ ಹೊಳೆಯನ್ನು ನೋಡಿದವನು ಮೇಲಣ ಸೀಮೆಯಲ್ಲಿ ಮಳೆಯಾಗಿದೆಯೆಂದು ತಿಳಿಯುವುದನ್ನು ವಾತ್ಸ್ಯಾಯನನ ಭಾಷ್ಯವು ಇದಕ್ಕೆ ಉದಾಹರಣೆಯಾಗಿ ಕೊಡುತ್ತದೆ. ಎಲ್ಲೋ ಅಡ್ಡಗಟ್ಟು ಬಿದ್ದರೂ ಹೊಳೆ ಏರಬಹುದಲ್ಲ ಎಂಬ ಆಕ್ಷೇಪವನ್ನು ನ್ಯಾಯಸೂತ್ರದ ಎರಡನೆಯ ಅಧ್ಯಾಯವೇ ಎತ್ತಿ, ಬರಿಯ ಏರಿಕೆಯು ಹೇತು, ಅಂದರೆ ಅನುಮಾನಕ್ಕೆ ಆಧಾರವಾಗುವ ಗುರುತು, ಅಲ್ಲವೆಂದು ಉತ್ತರಿಸುತ್ತದೆ. ಭಾಷ್ಯದ ವಿವರಣೆಯಂತೆ ರಭಸ, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆಗಳಿಂದ ಕೂಡಿದ ಏರಿಕೆ ಮಾತ್ರ ಹೇತು. ಹೆದ್ದಾರಿಯಲ್ಲಿ ಜೋರಾಗಿ ಬ್ರೇಕ್ ತುಳಿದಾಗ ಅದುರುವ ಕಾರಿನ ವಿಷಯದಲ್ಲಿ ಈ ಎಚ್ಚರ ಸಾಮಾನ್ಯವಾಗಿ ಕಾಣಿಸುವುದಿಲ್ಲ. ‘ಡಿಸ್ಕ್ ಬೆಂಡ್ ಆಗಿದೆ’ ಎಂಬ ತೀರ್ಪು, ಚಕ್ರ ಬಿಚ್ಚುವ ಮೊದಲೇ ಹೊರಬೀಳುವುದುಂಟು.

ಅದುರಾಟವೆಂಬ ಕಾರ್ಯಕ್ಕೂ ಅದರದೇ ನೊರೆ, ಎಲೆ, ಕಟ್ಟಿಗೆಗಳಿವೆ. ಬ್ರೇಕ್ ಮುಟ್ಟದಿದ್ದಾಗಲೂ ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ನಡುಗುವುದಾದರೆ ಮೊದಲು ವೀಲ್ ಬ್ಯಾಲೆನ್ಸಿಂಗನ್ನೂ ಟೈರನ್ನೂ ನೋಡಬೇಕಾಗುತ್ತದೆ. ಬ್ರೇಕ್ ತುಳಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಮುಂಚಕ್ರಗಳ ಡಿಸ್ಕಿನ ಮೇಲೆ ಶಂಕೆ ಹೋಗುತ್ತದೆ. ಸ್ಟೀರಿಂಗ್ ನೆಟ್ಟಗಿದ್ದು ಸೀಟೂ ಪೆಡಲೂ ಮಿಡಿದರೆ ಹಿಂಚಕ್ರಗಳ ಡಿಸ್ಕು ಅಥವಾ ಡ್ರಮ್ಮಿನ ಮೇಲೆ. ಚಕ್ರ ಲಾಕ್ ಆಗುವ ಹಂತದಲ್ಲಿ ಪೆಡಲು ಗರಗರ ಸದ್ದಿನೊಡನೆ ಕಾಲನ್ನು ಹಿಂದಕ್ಕೆ ತಳ್ಳಿದರೆ ಅದು ದೋಷವೇ ಅಲ್ಲ, ಎಬಿಎಸ್ ತನ್ನ ಕೆಲಸ ಮಾಡುತ್ತಿದೆಯಷ್ಟೆ. ಲೋವರ್ ಆರ್ಮಿನ ಬುಷ್ ಸವೆದಿದ್ದರೆ ಸಣ್ಣ ಮಿಡಿತವೂ ಹಿಗ್ಗಿ ಕೈಗೆ ಬರುತ್ತದೆಯಾದ್ದರಿಂದ, ಅದು ಮೂಲಕಾರಣವಾಗದೆ ಸಹಕಾರಿ ಕಾರಣವಾಗುತ್ತದೆ.

ಬೆಂಡ್ ಎಂಬ ಮಾತಿನಿಂದ ಡಿಸ್ಕು ಕಾದು ತಟ್ಟೆಯಂತೆ ಸೊಟ್ಟಗಾಗಿದೆಯೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಆಗಿರುವುದು ಬೇರೆ. ಹಬ್ಬಿನ, ಅಂದರೆ ಡಿಸ್ಕು ಕೂರುವ ತಿರುಗುಭಾಗದ, ಮುಖದ ಮೇಲೆ ತುಕ್ಕಿನ ಹಕ್ಕಳೆಯೊಂದು ಉಳಿದಿದ್ದರೂ, ವೀಲ್ ನಟ್‌ಗಳನ್ನು ಗನ್ನಿನಿಂದ ಹೆಚ್ಚುಕಡಿಮೆಯಾಗಿ ಬಿಗಿದಿದ್ದರೂ, ಡಿಸ್ಕು ಕೂದಲೆಳೆಯಷ್ಟು ಓರೆಯಾಗಿ ಕೂತು, ತಿರುಗುವಾಗ ಅತ್ತಿತ್ತ ವಾಲುತ್ತದೆ. ಈ ವಾಲುವಿಕೆಗೆ ರನ್‌ಔಟ್ ಎಂದು ಹೆಸರು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರು ಡಿಸ್ಕಿನೊಡನೆ ತಾನೂ ಸರಿಯುವುದರಿಂದ ಈ ವಾಲುವಿಕೆ ಮೊದಮೊದಲು ಕಾಲಿಗೆ ತಿಳಿಯುವುದಿಲ್ಲ. ಆದರೆ ಬ್ರೇಕ್ ಹಿಡಿಯದೆ ಓಡುವಾಗಲೂ ಡಿಸ್ಕಿನ ಅದೇ ಭಾಗ ಸುತ್ತುಸುತ್ತಿಗೂ ಪ್ಯಾಡಿಗೆ ತಾಗಿ ಸವೆಯುತ್ತ, ಇಲ್ಲವೆ ಪ್ಯಾಡಿನ ಪದಾರ್ಥವನ್ನು ಮೆತ್ತಿಕೊಳ್ಳುತ್ತ, ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದಾಗುತ್ತದೆ. ಮಿಲಿಮೀಟರಿನ ನೂರನೆಯ ಎರಡು ಭಾಗದಷ್ಟು ವ್ಯತ್ಯಾಸವೂ ಅದುರಾಟವಾಗಿ ಕೈಗೆ ತಿಳಿಯಬಲ್ಲದು. ಸುಮಾರು 2 ಮೀಟರ್ ಸುತ್ತಳತೆಯ ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 14 ಸುತ್ತು ಬರುವುದರಿಂದ, ದಪ್ಪಗಿರುವ ಭಾಗವು ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಅಷ್ಟೇ ಸಲ ಹಿಂದಕ್ಕೆ ತಳ್ಳುತ್ತದೆ.

ಇಲ್ಲಿಂದ ಮುಂದೆ ಪ್ರಶ್ನೆ ಯಂತ್ರದ್ದಾಗಿ ಉಳಿಯದೆ ಪ್ರಾಮಾಣ್ಯದ್ದಾಗುತ್ತದೆ; ಪ್ರಾಮಾಣ್ಯವೆಂದರೆ ಜ್ಞಾನದ ಯಥಾರ್ಥತೆ. ಹೊಸ ಡಿಸ್ಕು ಹಾಕಿದ ದಿನ ಅದುರಾಟ ನಿಲ್ಲುತ್ತದೆ, ಏಕೆಂದರೆ ಹೊಸತರ ದಪ್ಪ ಎಲ್ಲೆಡೆ ಒಂದೇ. ಹಬ್ಬು ಮಾತ್ರ ಹಿಂದಿನಂತೆಯೇ ಓರೆಯಾಗಿದ್ದರೆ ಕೆಲವು ತಿಂಗಳಲ್ಲಿ ರೋಗ ಮರುಕಳಿಸುತ್ತದೆ. ಜ್ಞಾನವೊಂದು ಸರಿಯೆಂಬುದು ಅದನ್ನು ನಂಬಿ ಮಾಡಿದ ಕೆಲಸದ ಸಾಫಲ್ಯದಿಂದ ತಿಳಿಯುತ್ತದೆ ಎನ್ನುವ ನೈಯಾಯಿಕರ ಪಕ್ಷಕ್ಕೆ ‘ಪರತಃ ಪ್ರಾಮಾಣ್ಯ’ವೆಂದು ಹೆಸರು. ಈ ಪಕ್ಷವನ್ನು ಅಕ್ಷರಶಃ ಹಿಡಿದರೆ, ‘ಡಿಸ್ಕೇ ಮೂಲಕಾರಣ’ವೆಂಬ ತಪ್ಪು ತೀರ್ಪು ಆ ಕೆಲವು ತಿಂಗಳ ಕಾಲ ಪ್ರಮಾಣವೆನಿಸಿಕೊಳ್ಳಬೇಕಾಗುತ್ತದೆ. ಇದರಿಂದ ಪಾರಾಗುವ ಸಾಧನ ನ್ಯಾಯಶಾಸ್ತ್ರದಲ್ಲಿಯೇ ಇದೆ. ‘ಬೆಂಕಿಯಿದ್ದಲ್ಲಿ ಹೊಗೆ’ ಎಂಬ ನಿಯಮವು ಹಸಿ ಸೌದೆಯಿದ್ದಾಗ ಮಾತ್ರ ನಿಲ್ಲುವುದರಿಂದ ಹಸಿ ಸೌದೆಯ ಸಂಬಂಧವು ಅಲ್ಲಿ ಉಪಾಧಿ, ಅಂದರೆ ನಿಯಮದೊಳಗೆ ಹೇಳದೆ ಅಡಗಿದ ಷರತ್ತು. ಹಾಗೆಯೇ ‘ಹೊಸ ಡಿಸ್ಕು ಹಾಕಿದರೆ ಅದುರಾಟ ಕೊನೆಗೊಳ್ಳುತ್ತದೆ’ ಎಂಬುದಕ್ಕೆ ನೆಟ್ಟಗಿರುವ ಹಬ್ಬು ಉಪಾಧಿ. ಗಂಗೇಶನ ‘ತತ್ತ್ವಚಿಂತಾಮಣಿ’ಯು ಉಪಾಧಿಯ ವಿಚಾರಕ್ಕೆ ಅಷ್ಟು ಶ್ರಮ ವ್ಯಯಿಸಿದ್ದು ಒಣ ಪಾಂಡಿತ್ಯವೆಂದು ಹಲವರು ಮೂಗು ಮುರಿದರೂ, ಗ್ಯಾರೇಜಿನ ಮಟ್ಟಿಗಂತೂ ಅದು ಒಣದಲ್ಲ.

ಉಪಾಧಿಯನ್ನು ಬಯಲಿಗೆ ತರುವ ಪರೀಕ್ಷೆ ಸರಳವಾದದ್ದು. ಚಕ್ರ ಬಿಚ್ಚಿ, ಡಿಸ್ಕನ್ನು ನಟ್‌ಗಳಿಂದ ಹಬ್ಬಿಗೆ ಬಿಗಿದು, ಮಿಲಿಮೀಟರಿನ ನೂರನೆಯ ಭಾಗವನ್ನು ತೋರಿಸುವ ಡಯಲ್ ಗೇಜಿನ ಮೊನೆಯನ್ನು ಡಿಸ್ಕಿನ ಅಂಚಿನಿಂದ ತುಸು ಒಳಗೆ ತಾಗಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಮುಳ್ಳು ಅತಿ ಎತ್ತರಕ್ಕೆ ಹೋದ ಜಾಗವನ್ನು ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಸೀಮೆಸುಣ್ಣದಿಂದ ಗುರುತಿಸಬೇಕು. ಬಳಿಕ ಡಿಸ್ಕನ್ನು ಕಳಚಿ, ಒಂದೆರಡು ಬೋಲ್ಟ್ ತೂತಿನಷ್ಟು ಸರಿಸಿ ಕೂರಿಸಿ ಮತ್ತೆ ಅಳೆದಾಗ, ಎತ್ತರದ ಜಾಗ ಡಿಸ್ಕಿನೊಡನೆ ಸರಿದಿದ್ದರೆ ದೋಷ ಡಿಸ್ಕಿನದು. ಹಬ್ಬಿನ ಗುರುತಿನ ಬಳಿಯೇ ಉಳಿದಿದ್ದರೆ ಹಬ್ಬಿನದು ಅಥವಾ ಬೇರಿಂಗಿನದು. ಒಂದು ಇದ್ದಾಗ ಇನ್ನೊಂದು ಇರುವುದೂ ಇಲ್ಲದಾಗ ಇಲ್ಲದಿರುವುದೂ ಆದ ಅನ್ವಯ-ವ್ಯತಿರೇಕಗಳನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವ ದೃಷ್ಟಾಂತ ಅಪರೂಪ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕ್ಯಾಲಿಪರಿನ ಪಿನ್‌ಗಳಿಗೆ ಅದಕ್ಕೆಂದೇ ಇರುವ ಗ್ರೀಸ್ ಸವರಿ, ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಬಿಗಿಯುವ ಚಿಕಿತ್ಸೆ ಈ ನಿರ್ಣಯದ ನಂತರದ್ದು.

ಗೇಜಿನ ಅಳತೆಯೇ ಸರಿಯೆಂಬುದಕ್ಕೆ ಏನು ಆಧಾರ ಎಂದು ಕೇಳಬಹುದು. ಸಾಫಲ್ಯದ ಜ್ಞಾನಕ್ಕೂ ಮತ್ತೊಂದು ಸಾಫಲ್ಯ ಬೇಕಾಗಿ ಸರಪಳಿ ಮುಗಿಯದೆ ಹೋಗುವ ಈ ದೋಷಕ್ಕೆ ಅನವಸ್ಥೆಯೆಂದು ಹೆಸರು. ವಿಜಯನಗರದಲ್ಲಿ ಬಾಳಿದ ದ್ವೈತಾಚಾರ್ಯ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರನ್ನು ಎದುರಿಸಿ, ಯಥಾರ್ಥತೆಯು ಹೊರಗಿನ ಆಧಾರವಿಲ್ಲದೆ ತಾನಾಗಿಯೇ ತಿಳಿಯುತ್ತದೆಂಬ ಸ್ವತಃಪ್ರಾಮಾಣ್ಯವನ್ನು ಸಮರ್ಥಿಸಿದರು. ಆ ಸಂಪ್ರದಾಯದಂತೆ ಯಥಾರ್ಥತೆಯನ್ನು ಗ್ರಹಿಸುವುದು ಆತ್ಮಸ್ವರೂಪವಾದ ಸಾಕ್ಷಿಯೇ. ಪರೀಕ್ಷೆಯು ಶಂಕೆಯನ್ನು ಕಳೆಯುತ್ತದೆಯೇ ಹೊರತು ಯಥಾರ್ಥತೆಯನ್ನು ಹುಟ್ಟಿಸುವುದಿಲ್ಲ. ನೈಯಾಯಿಕರಲ್ಲೂ ಉದಯನನು, ಶಂಕಿಸುವವನ ಸ್ವಂತ ನಡವಳಿಕೆಗೇ ವಿರೋಧ ಬಂದಲ್ಲಿ ಶಂಕೆ ನಿಲ್ಲುತ್ತದೆಂದು ಒಪ್ಪಿದ್ದುಂಟು. ಆದರೆ ಶಂಕೆ ನಿಲ್ಲುವುದು ಬೇರೆ, ಜ್ಞಾನ ಸರಿಯಾಗಿರುವುದು ಬೇರೆಯಾದ್ದರಿಂದ, ಅನವಸ್ಥೆಯ ಮಟ್ಟಿಗೆ ದ್ವೈತಿಗಳ ಉತ್ತರವೇ ಹೆಚ್ಚು ಗಟ್ಟಿ. ಅದರ ದೌರ್ಬಲ್ಯವಿರುವುದು ಇನ್ನೊಂದೆಡೆ: ಹಬ್ಬನ್ನು ಅಳೆಯಬೇಕೆಂಬ ಶಂಕೆಯೇ ಹುಟ್ಟದೆ ಗಾಡಿಯನ್ನು ಮಾಲೀಕನಿಗೆ ಒಪ್ಪಿಸಿದ ಮೆಕ್ಯಾನಿಕನ ನಿಶ್ಚಿಂತೆಗೂ ಸಾಕ್ಷಿಯ ನಿಶ್ಚಯಕ್ಕೂ ಒಳಗಿನಿಂದ ಯಾವ ವ್ಯತ್ಯಾಸ ತೋರುತ್ತದೆಂಬುದನ್ನು ಆ ಪಕ್ಷವು ಇನ್ನಷ್ಟು ಬಿಡಿಸಿ ಹೇಳಬೇಕಾಗುತ್ತದೆ.